ಹಾರುಕೊ ಕೊಟ್ಟ ತಾಯತಕ್ಕೆ ಗುಡಿ ಹುಡುಕುತ್ತಾ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಿಷಿಗನ್‌ನ ನಮ್ಮೂರು ನೋವೈ ಬಿಡಬೇಕೆಂದುಕೊಂಡವರು ನಿಜವಾಗಿ ಬಿಟ್ಟಾಗ ಎಂಟೂವರೆ. ತಡವಾದದ್ದು ನನ್ನಿಂದಲೇ ಎಂದು ನಮ್ಮವರು ಆನ್ ಆರ್ಬರ್ ದಾಟುವವರೆಗೂ ಹೇಳುತ್ತಲೇ ಇದ್ದರು. ಪುಳಿಯೋಗರೆ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ, ಮೊಮ್ಮಗಳಿಗೆ ರಾಗಿ ಸರಿಯ ಪುಡಿ, ಇಷ್ಟನ್ನೂ ಕಟ್ಟಿಕೊಂಡು ದೇವರ ಮುಂದೆ ದೀಪ ಹಚ್ಚಿ ಹೊರಡುವುದೆಂದರೆ ಹೊತ್ತು ಹಿಡಿಯುತ್ತದೆ. ಅವರಿಗೇನು, ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತರೆ ಅವರ ಪಾಲಿನ ಕೆಲಸ ಮುಗಿಯಿತು.

ಶಿಕಾಗೊ ಹತ್ತಿರದ ಪ್ಲೇನ್‌ಫೀಲ್ಡಿನಲ್ಲಿರುವ ಮಗಳು ಅನಘಾಳನ್ನೂ ಅವಳ ಎಂಟು ತಿಂಗಳ ಕೂಸು ಇಳಾಳನ್ನೂ ನಮ್ಮ ಮನೆಗೆ ಕರೆತರಲು ಹೊರಟಿದ್ದೆವು. ಇಳಾ ಹುಟ್ಟುವಾಗಲೇ ಅವಳ ಹೃದಯದಲ್ಲಿ ಒಂದು ತೂತಿತ್ತು. ಬೆಳೆಯುತ್ತಾ ತಾನೇ ಮುಚ್ಚಿಕೊಳ್ಳಬಹುದು ಎಂದು ಡಾಕ್ಟರುಗಳು ಕಾದರು. ಅದು ಮುಚ್ಚಿಕೊಳ್ಳಲಿಲ್ಲ. ಬರುವ ಬುಧವಾರ ಮಿಷಿಗನ್‌ನಲ್ಲಿ, ನಮ್ಮ ಮನೆಗೆ ಹತ್ತಿರವೇ ಇರುವ ಮಕ್ಕಳ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಅಳಿಯ ರಜೆಯನ್ನೆಲ್ಲ ಆಪರೇಷನ್ ನಂತರಕ್ಕೆ ಉಳಿಸಿಕೊಂಡಿದ್ದ. ಅವನು ಮಂಗಳವಾರ ವಿಮಾನದಲ್ಲಿ ಬರುವವನು.

ಇದು ಎಲ್ಲರಿಗೂ ಗೊತ್ತಿದ್ದ ಕಾರಣ. ನನ್ನ ಕೈಚೀಲದಲ್ಲಿ ಇನ್ನೊಂದು ಕಾರಣವಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ರೇಷ್ಮೆ ಚೀಲ. ಗುಲಾಬಿ ಬಣ್ಣದ್ದು, ಮೇಲೆ ಬಂಗಾರದ ದಾರದಲ್ಲಿ ಜಪಾನಿ ಅಕ್ಷರ, ಕೆಳಗೆ ಒಂದು ಬಿಳಿ ನಾಯಿಮರಿ. ಪಕ್ಕದ ಮನೆಯ ಹಾರುಕೊ ಕೊಟ್ಟದ್ದು. ಅವಳ ಗಂಡ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದ. ಆರೇಳು ವರ್ಷ ಬೇಲಿಯಿಲ್ಲದ ಅಕ್ಕಪಕ್ಕದಲ್ಲಿ ಬದುಕಿದವರು ನಾವು. ಅನಘಾ ಬಸುರಿ ಎಂದು ತಿಳಿದಾಗ ಹಾರುಕೊ ತನ್ನ ಊರಿಗೆ ಹೋದವಳು ಇದನ್ನು ತಂದಳು. ಸುಖವಾಗಿ ಹೆರಿಗೆಯಾಗಲಿ ಎಂದು ಅವರಲ್ಲಿ ಕೊಡುವ ತಾಯತವಂತೆ. ನಾಯಿ ಸುಲಭವಾಗಿ ಮರಿ ಹಾಕುತ್ತದಲ್ಲ, ಅದಕ್ಕೇ ನಾಯಿ. ಚೀಲವನ್ನು ಬಿಚ್ಚಬಾರದು, ಎಸೆಯಬಾರದು, ಮಗು ಹುಟ್ಟಿದ ಮೇಲೆ ಕೃತಜ್ಞತೆ ಹೇಳಿ ಗುಡಿಗೆ ಹಿಂದಿರುಗಿಸಬೇಕು ಎಂದಿದ್ದಳು. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಗಂಡನಿಗೆ ವರ್ಗವಾಗಿ ಅವರು ಜಪಾನಿಗೆ ಹೊರಟುಹೋದರು. ಅನಘಾ ತಾಯತವನ್ನು ನನ್ನ ಕೈಗೆ ಹಾಕಿ ಮರೆತಳು.

ನನಗೆ ಇದರಲ್ಲಿ ಅರ್ಥವಾಗದ್ದೇನೂ ಇರಲಿಲ್ಲ. ಇದು ಹರಕೆ. ಹೆರಿಗೆ ಸುಸೂತ್ರವಾಯಿತು, ಹರಕೆ ಮಾತ್ರ ತೀರಿಲ್ಲ. ಹರಕೆ ಬಾಕಿ ಇಟ್ಟುಕೊಂಡು ಮಗುವನ್ನು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುವ ಧೈರ್ಯ ನನಗಿಲ್ಲ. ಹಾರುಕೊಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಮಗುವಿನ ಹೃದಯದ ವಿಷಯ ಅವಳಿಗೆ ಗೊತ್ತಿಲ್ಲ. ತನ್ನ ತಾಯತ ಫಲ ಕೊಡಲಿಲ್ಲ ಎಂದು ಪಾಪ, ಆ ಹೆಂಗಸು ನೊಂದುಕೊಂಡರೆ? ನಮ್ಮೂರ ದೇವಸ್ಥಾನದ ಅರ್ಚಕರಿಗೆ ತೋರಿಸಿದೆ. ಅವರು ಅಂಗೈಯಲ್ಲಿಟ್ಟು ನೋಡಿ, "ಅಮ್ಮಾ, ಇದಕ್ಕೆ ನಾನು ಯಾವ ಮಂತ್ರ ಹೇಳ್ಲಿ?" ಎಂದು ನನ್ನನ್ನೇ ಕೇಳಿದರು. ಜಪಾನಿ ದಿನಸಿ ಅಂಗಡಿಯ ಹುಡುಗಿ, ಶಿಕಾಗೊದಲ್ಲಿ ಗುಡಿಗಳಿವೆ, ಅಲ್ಲಿ ಕೇಳಿ ಎಂದಳು. ಸರಿ, ಹೇಗೂ ಅತ್ತಲೇ ಹೊರಟಿದ್ದೆವು.

"ಹಳೇ ದೇವರ ಫೋಟೋ ಅರಳಿ ಮರದ ಬುಡದಲ್ಲಿ ಇಟ್ಟು ಬರೋದಿಲ್ವಾ, ಹಂಗೆ ಎಲ್ಲಾದ್ರೂ ಇಟ್ಟು ಬಂದ್ರಾಯ್ತು," ಎಂದರು ನಮ್ಮವರು, ಸ್ಟೀರಿಂಗ್ ಹಿಡಿದು.

"ಮಿಷಿಗನ್ ಚಳಿಗೆ ಅರಳಿ ಮರ ಎಲ್ಲಿಂದ ತರ್ಲಿ ರೀ? ಸುಮ್ನೆ ರೋಡ್ ನೋಡಿ," ಎಂದೆ.

ಮನೆಯಿಂದ ಪ್ಲೇನ್‌ಫೀಲ್ಡಿಗೆ ಇನ್ನೂರ ಎಂಬತ್ತು ಮೈಲಿಯ ಮೇಲೆ. ಅಕ್ಟೋಬರ್ ಮಧ್ಯದ ಗಾಳಿ, ಹೊರಗೆ ನಲವತ್ತಾರು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಕಲಮಜೂ ಆಚೆಯ ರೆಸ್ಟ್ ಏರಿಯಾದಲ್ಲಿ ಕಾರಿನೊಳಗೇ ಕೂತು ಪುಳಿಯೋಗರೆ ತಿಂದೆವು. ಇಂಡಿಯಾನಾ ಬಂದೊಡನೆ ಎಡಕ್ಕೂ ಬಲಕ್ಕೂ ಲಾರಿಗಳು. ನಮ್ಮವರು ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದರು. ದಾರಿಯಲ್ಲಿ ಟೈಮ್ ಜೋನ್ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ, ತಡವಾಗಿ ಹೊರಟಿದ್ದ ನಾವು ತಡವಾಗದಂತೆಯೇ ತಲುಪಿದೆವು. ಅದನ್ನು ನಾನು ಎತ್ತಿ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಇಳಾ ಬಾಗಿಲಲ್ಲೇ ನನ್ನ ಮೂಗು ಹಿಡಿದಳು. ಮೈಯಲ್ಲಿ ತೂಕವಿಲ್ಲ. ಹಾಲು ಕುಡಿಯುವುದಕ್ಕೇ ಆ ಮಗು ಬೆವರುತ್ತದೆ. ಅನಘಾಳ ಕಣ್ಣ ಕೆಳಗೆ ಕಪ್ಪು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಊಟವಾದ ಮೇಲೆ ನಾನು ತಾಯತ ತೆಗೆದು ಮೇಜಿನ ಮೇಲಿಟ್ಟು ವಿಷಯ ಹೇಳಿದೆ. ಅವಳು ಅದನ್ನು ಬೆರಳಿನಿಂದ ತಿರುಗಿಸಿದಳು.

"ಅಮ್ಮಾ, ವೈ ಈಸ್ ಇಟ್ ಯೆಲ್ಲೋ?"

ದಿನಾ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದೆ. ಬಿಳಿ ನಾಯಿಮರಿ ಹಳದಿ ನಾಯಿಮರಿಯಾಗಿತ್ತು. ದೇವರ ಕೋಣೆಯಲ್ಲಿ ಇರುವುದಕ್ಕೆ ಅರಿಶಿನ ಹಚ್ಚದೆ ಇನ್ನೇನು ಹಚ್ಚುತ್ತಾರೆ?

"ಇಟ್ಸ್ ಎ ಪೌಚ್, ಅಮ್ಮಾ. ಇಟ್ಸ್ ಜಸ್ಟ್ ಎ ಪೌಚ್," ಎಂದಳು. ಆದರೂ ವಾರಾಂತ್ಯವಿಡೀ ಮನೆಯಲ್ಲಿ ಬುಧವಾರವನ್ನೇ ನೆನೆಯುತ್ತಾ ಕೂರುವುದಕ್ಕಿಂತ ಹೊರಗೆ ಹೋಗುವುದು ವಾಸಿ ಎಂದು ಅವಳಿಗೂ ಅನ್ನಿಸಿರಬೇಕು. ತಾನೇ ಡ್ರೈವ್ ಮಾಡುತ್ತೇನೆ ಎಂದಳು.

ಶನಿವಾರ ಹೋದದ್ದು ಶಿಕಾಗೊದ ದಕ್ಷಿಣಕ್ಕೆ, ಜಾಕ್ಸನ್ ಪಾರ್ಕಿನಲ್ಲಿರುವ ಜಪಾನಿ ತೋಟಕ್ಕೆ. ಕೆರೆಯ ನಡುವಿನ ದ್ವೀಪದಲ್ಲಿದೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ನೂರು ವರ್ಷಕ್ಕೂ ಹಿಂದೆ ಇಲ್ಲಿ ವಿಶ್ವಮೇಳ ನಡೆದಾಗ ಜಪಾನಿನವರು ತಮ್ಮ ಒಂದು ಪುರಾತನ ದೇವಾಲಯದ ಮಾದರಿಯಲ್ಲಿ ಮಂಟಪ ಕಟ್ಟಿದ್ದರಂತೆ. ಅದು ಆಮೇಲೆ ಬೆಂಕಿಗೆ ಹೋಯಿತು, ತೋಟ ಉಳಿಯಿತು. ಇದನ್ನೆಲ್ಲ ನಮ್ಮವರು ಫೋನಿನಲ್ಲಿ ಓದಿ ಹೇಳಿದರು. ಅವರು ಓದಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ದೇವಾಲಯ ಎಂಬ ಮಾತೊಂದೇ.

ಮರದ ಹೆಬ್ಬಾಗಿಲಿನ ಬಳಿ ನಾನು ಶೂ ಬಿಚ್ಚಿಟ್ಟೆ. ಕಲ್ಲು ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಒಳಗೆ ಕಮಾನು ಸೇತುವೆ, ಕೆಂಪಾದ ಮೇಪಲ್ ಎಲೆಗಳು, ನೀರಿನ ಅಂಚಿಗೆ ಬಾಗಿದ ಪೈನ್ ಮರಗಳು, ಸಣ್ಣ ಜಲಪಾತ. ಎಲ್ಲ ಇತ್ತು, ದೇವರು ಎಲ್ಲಿದ್ದಾರೆ ಎಂಬುದೇ ತಿಳಿಯಲಿಲ್ಲ. ಸುತ್ತು ಹಾಕಿ ನೋಡಿದಾಗ ನನ್ನೆತ್ತರದ ಕಲ್ಲಿನ ಕಂಬವೊಂದು ಕಂಡಿತು. ಮೇಲೆ ಪುಟ್ಟ ಗೋಪುರದಂಥ ಚಾವಣಿ, ಅದರ ಕೆಳಗೆ ಗೂಡು. ಗರ್ಭಗುಡಿ ಇದೇ ಇರಬೇಕು ಎಂದುಕೊಂಡು ಮಗುವನ್ನೆತ್ತಿಕೊಂಡು ಮೂರು ಪ್ರದಕ್ಷಿಣೆ ಬಂದೆ. ಗೂಡಿನೊಳಗೆ ಇಣುಕಿದರೆ ಒಂದು ಒಣ ಎಲೆ.

ಬೆಂಚಿನ ಮೇಲೆ ಕೂತಿದ್ದ ಬಿಳಿ ಕೂದಲಿನ ಜಪಾನಿ ಮುಖದ ಅಜ್ಜಿಯೊಬ್ಬರು ಎದ್ದು ಬಂದರು. ಅವರ ಇಂಗ್ಲಿಷ್ ಶಿಕಾಗೊದ ಅಪ್ಪಟ ಇಂಗ್ಲಿಷ್. "ಅದರಲ್ಲಿ ಯಾರೂ ಇಲ್ಲ. ಅದು ದೀಪ ಇಡುವುದಕ್ಕೆ," ಎಂದರು.

"ಹಾಗಾದರೆ ದೇವರು ಎಲ್ಲಿದ್ದಾರೆ?" ಎಂದೆ.

ಅವರು ಸುತ್ತ ನೋಡಿದರು, ತಾವೇ ಎಲ್ಲೋ ಇಟ್ಟು ಮರೆತವರ ಹಾಗೆ. "ಇದು ತೋಟ," ಎಂದರು. ಆಮೇಲೆ ನನ್ನ ಬರಿಗಾಲು ನೋಡಿ, "ನೆಗಡಿಯಾದೀತು, ಶೂ ಹಾಕಿಕೊಳ್ಳಿ," ಎಂದರು. ತಾಯತ ತೋರಿಸಿದೆ. ತಮ್ಮ ಅಜ್ಜಿಯ ಬಳಿ ಇಂಥದ್ದು ಇತ್ತೆಂದೂ ಅದನ್ನು ಏನು ಮಾಡಿದರೋ ತಮಗೆ ತಿಳಿಯದೆಂದೂ ಹೇಳಿ, ಊರಿನ ಉತ್ತರಕ್ಕಿರುವ ಒಂದು ಬೌದ್ಧ ಮಂದಿರಕ್ಕೆ ನಾಳೆ, ಭಾನುವಾರದ ಪ್ರಾರ್ಥನೆಗೆ ಹೋಗಿ ಎಂದರು. ಅನಘಾ ಅಷ್ಟು ಹೊತ್ತೂ ಸೇತುವೆಯ ಮೇಲೆ ನಿಂತು ನಮ್ಮನ್ನು ಅರಿಯದವಳಂತೆ ನೀರು ನೋಡುತ್ತಿದ್ದಳು.

ಮಧ್ಯಾಹ್ನ ಜಪಾನಿ ಊಟದ ಜಾಗವೊಂದಕ್ಕೆ ಹೋದೆವು. ಶಾಕಾಹಾರ ಎಂದು ಬರೆದ ನೂಡಲ್ಸಿನ ಸಾರಿನಲ್ಲಿ ಮೀನು ಇದೆ ಎಂದು ಕೇಳಿದ ಮೇಲೆ ಗೊತ್ತಾಯಿತು. ಮೀನು ಶಾಕಾಹಾರ ಹೇಗಾಯಿತು ಎಂದರೆ, ಮೀನು ಇಲ್ಲ, ಬರೀ ಸಾರು ಎಂದರು. ಅನ್ನ ಮತ್ತು ಸೌತೆಕಾಯಿ ತಿಂದು ಎದ್ದೆವು.

ಭಾನುವಾರ ಹತ್ತು ಗಂಟೆಗೆ ಬೌದ್ಧ ಮಂದಿರ ಸೇರಿದೆವು. ಹೊರಗಿನಿಂದ ಇಟ್ಟಿಗೆಯ ಶಾಲೆಯಂತಿದೆ. ನಾನು ಇಲ್ಲೂ ಶೂ ಬಿಚ್ಚಲು ಬಗ್ಗಿದರೆ, ಬಾಗಿಲಲ್ಲಿದ್ದವರು ಬೇಡ ಬೇಡ ಎಂದು ಒಳಗೆ ಕರೆದರು. ನಿನ್ನೆ ದೇವರಿಲ್ಲದ ಕಡೆ ಬರಿಗಾಲಲ್ಲಿ ನಡೆದೆ, ಇವತ್ತು ದೇವರಿರುವ ಕಡೆ ಶೂ ಹಾಕಿಕೊಂಡು ನಿಂತೆ. ಒಳಗೆ ಚರ್ಚಿನ ಹಾಗೆ ಸಾಲು ಬೆಂಚುಗಳು, ಒಂದು ಪಿಯಾನೊ, ಮುಂದೆ ಬಂಗಾರದ ಮಂಟಪದಲ್ಲಿ ನಿಂತ ಬುದ್ಧ. ಗಂಟೆ ಬಾರಿಸಿದರು. ಪುಸ್ತಕ ಹಿಡಿದು ಎಲ್ಲರೂ ಒಂದೇ ಸ್ವರದಲ್ಲಿ ಮಂತ್ರ ಹೇಳಿದರು. ಅದು ಮಾತ್ರ ನಮ್ಮ ವೇದಘೋಷದಂತೆ ಕೇಳಿ ನನಗೆ ಜೀವ ಬಂತು. ಮರುಗಳಿಗೆ ಪಿಯಾನೊ ಶುರುವಾಗಿ ಎದ್ದು ನಿಂತು ಹಾಡಿದರು. ನಮ್ಮವರು ನನ್ನ ಕಿವಿಯಲ್ಲಿ, "ಸರಿಯಾದ ಕಡೆಗೇ ಬಂದಿದೀವಾ?" ಎಂದರು.

ಆಮೇಲೆ ಧೂಪದ ಸೇವೆ. ಅತಿಥಿಗಳು ಎಂದು ಮರ್ಯಾದೆಗೆ ನಮ್ಮನ್ನೇ ಮೊದಲು ಕಳಿಸಿದರು. ಎಡವಟ್ಟಾದದ್ದು ಅಲ್ಲೇ. ಮೇಜಿನ ಮೇಲೆ ಹೊಗೆಯಾಡುವ ಒಂದು ಪಾತ್ರೆ, ಪಕ್ಕದ ಬಟ್ಟಲಿನಲ್ಲಿ ಕಂದು ಪುಡಿ. ನಾನು ಮಂಗಳಾರತಿ ತೆಗೆದುಕೊಳ್ಳುವಂತೆ ಹೊಗೆಯ ಮೇಲೆ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಪುಡಿಯನ್ನು ಚಿಟಿಕೆ ತೆಗೆದು ಇಳಾಳ ಹಣೆಗೆ ಹಚ್ಚಿದೆ. ನನ್ನ ಹಿಂದಿದ್ದ ನಮ್ಮವರು ಪುಡಿಯನ್ನು ಬಲ ಅಂಗೈಗೆ ಹಾಕಿಕೊಂಡು, ಅದರ ಕೆಳಗೆ ಎಡಗೈ ಕೊಟ್ಟು, ಭಕ್ತಿಯಿಂದ ಬಾಯಿಗೆ ಹಾಕಿಕೊಂಡರು. ಗುಡಿಯಲ್ಲಿ ಬಟ್ಟಲಲ್ಲಿಟ್ಟ ಪುಡಿ ಎಂದರೆ ಒಂದೋ ಹಣೆಗೆ, ಇಲ್ಲವೇ ಬಾಯಿಗೆ. ಮೂರನೆಯ ಜಾಗ ನಾವು ಕಂಡಿಲ್ಲ. ಅದು ಕೆಂಡದ ಮೇಲೆ ಉದುರಿಸಬೇಕಾದ ಧೂಪದ ಪುಡಿ. ನಮ್ಮವರ ಮುಖ ಹುಳ್ಳಗಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಬೆಂಚಿಗೆ ಬಂದು ಕೂತು ಕಡೆಗೆ ನುಂಗಿಯೇ ಬಿಟ್ಟರು. ಬಹಳ ದಿನಗಳ ಮೇಲೆ ಅನಘಾ ನಕ್ಕಳು. ನಗು ತಡೆಯಲಾಗದೆ ಮಗುವನ್ನು ನನ್ನ ತೊಡೆಗೆ ಹಾಕಿ ಹೊರಗೆ ಹೋದಳು.

ಪ್ರಾರ್ಥನೆ ಮುಗಿದು ಕೆಳಗಿನ ಹಾಲಿನಲ್ಲಿ ಚಹಾ. ಕಪ್ಪು ನಿಲುವಂಗಿಯ ಧರ್ಮಗುರು ನಡುವಯಸ್ಸಿನ ಹೆಂಗಸು. ಮೊದಲು ನಮ್ಮವರಿಗೆ ಒಂದು ಲೋಟ ನೀರು ತಂದುಕೊಟ್ಟು, ಆಮೇಲೆ ನನ್ನ ತಾಯತವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಇದು ತಮ್ಮಂಥ ಮಂದಿರದ್ದಲ್ಲ, ಜಪಾನಿನ ಹಳೆಯ ದೇವರುಗಳ ಗುಡಿಯದ್ದು, ಎರಡೂ ಬೇರೆ ಎಂದರು.

"ಗುಡಿ ಅಂದ ಮೇಲೆ ಎಲ್ಲ ಒಂದೇ ಅಲ್ಲವೇ?" ಎಂದೆ. ನಮ್ಮಲ್ಲಿ ನಂಜನಗೂಡಿನ ಹರಕೆಯನ್ನು ಇಲ್ಲಿನ ದೇವಸ್ಥಾನದಲ್ಲಿ ತೀರಿಸಿ ಸಮಾಧಾನ ಮಾಡಿಕೊಂಡವರಿದ್ದಾರೆ.

"ನಮ್ಮ ಪಂಥದಲ್ಲಿ ತಾಯತ ಇಟ್ಟುಕೊಳ್ಳುವುದಿಲ್ಲ. ನಾವು ಏನನ್ನೂ ಬೇಡುವುದೂ ಇಲ್ಲ. ಬಂದದ್ದಕ್ಕೆ ಕೃತಜ್ಞತೆ ಹೇಳುತ್ತೇವೆ, ಅಷ್ಟೆ."

ಏನೂ ಬೇಡದೆ ಗುಡಿಗೆ ಹೋಗುವುದು ಹೇಗೆಂದು ನನಗೆ ಈಗಲೂ ತಿಳಿದಿಲ್ಲ. ನನ್ನ ತಲೆ ಕೆಟ್ಟದ್ದು ಅದಕ್ಕಲ್ಲ, ಆಮೇಲೆ ಅವರು ಹೇಳಿದ ಮಾತಿಗೆ. "ಅಂಥ ಗುಡಿ ಈ ಸೀಮೆಯಲ್ಲಿರುವುದು ನನಗೆ ಗೊತ್ತಿಲ್ಲ. ಜಪಾನಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲಿ ಹಿಂದಿರುಗಿ ಬಂದ ತಾಯತಗಳನ್ನೆಲ್ಲ ಒಟ್ಟುಮಾಡಿ, ಪೂಜೆ ಮಾಡಿ, ಬೆಂಕಿಗೆ ಅರ್ಪಿಸುತ್ತಾರೆ."

ಬೆಂಕಿಗೆ. ಹಾರುಕೊ ಇದನ್ನು ಹೇಳಿರಲಿಲ್ಲ, ಅಥವಾ ಹೇಳಿದ್ದು ನನಗೆ ತಿಳಿದಿರಲಿಲ್ಲ. ಮಗು ಆಪರೇಷನ್ನಿಗೆ ಹೋಗುವ ವಾರದಲ್ಲಿ ಅದರ ಕಾವಲಿಗಿದ್ದದ್ದನ್ನು ನಾನೇ ಕೈಯಾರೆ ಬೆಂಕಿಗೆ ಕಳಿಸುವುದೇ? ಕಳಿಸದಿದ್ದರೆ ಹರಕೆ ಬಾಕಿ. ಕಳಿಸಿದರೆ ಕಾವಲಿಲ್ಲ. ಅತ್ತ ದರಿ, ಇತ್ತ ಪುಲಿ. ಬುಧವಾರದ ಆಪರೇಷನ್ ವಿಷಯವನ್ನೂ ಅವರಿಗೆ ಹೇಳಿಕೊಂಡೆ. ಧರ್ಮಗುರು ಬೇಸರಪಡಲಿಲ್ಲ, ಮಗುವಿನ ಹೆಸರು ಕೇಳಿ ಎರಡು ಸಲ ಹೇಳಿಕೊಂಡರು. "ಬೇಡಿಕೊಳ್ಳುವುದು ನನ್ನಿಂದಾಗದು. ಬುಧವಾರ ಬೆಳಿಗ್ಗೆ ಅವಳನ್ನು ನೆನೆಯುತ್ತೇನೆ," ಎಂದರು. ಬೇಡುವುದಕ್ಕೂ ನೆನೆಯುವುದಕ್ಕೂ ಏನು ವ್ಯತ್ಯಾಸವೋ. ಕೇಳಲಿಲ್ಲ.

ಕಾರು ಓಡಿಸುತ್ತಿದ್ದ ಅನಘಾಳಿಗೆ ಧರ್ಮಗುರು ಹೇಳಿದ್ದನ್ನೆಲ್ಲ ಹೇಳಿದೆ. "ಸೋ ದೇ ಬರ್ನ್ ಇಟ್?" ಎಂದಳು.

"ಹೂಂ ಅಂತೆ," ಎಂದೆ.

ಸಂಜೆ ಇನ್ನು ತಡೆಯಲಾರದೆ ಹಾರುಕೊಗೆ ಫೋನ್ ಮಾಡಿದೆ. ಅವಳಿಗೆ ಆಗಲೇ ಸೋಮವಾರದ ಬೆಳಿಗ್ಗೆ. ಮಗುವಿನ ಹೃದಯದ ತೂತು, ಬುಧವಾರದ ಆಪರೇಷನ್, ಎಲ್ಲ ಹೇಳಿದೆ.

"ಆಪರೇಷನ್‌ಗೆ ಮೊದಲು ಕೊಡಬೇಕೋ, ಆಮೇಲೋ?" ಎಂದು ಕೇಳಿದೆ.

"ನನಗೆ ಗೊತ್ತಿಲ್ಲ," ಎಂದಳು ಹಾರುಕೊ. ದನಿ ಸಣ್ಣದಾಗಿತ್ತು. "ನಮ್ಮ ಮನೆಯಲ್ಲಿ ಇಂಥದ್ದೆಲ್ಲ ಅಮ್ಮನಿಗೇ ಗೊತ್ತಿರುವುದು. ಕೇಳಿ ಹೇಳುತ್ತೇನೆ."

"ಜಪಾನಿನೋಳಿಗೇ ಗೊತ್ತಿಲ್ಲ, ನೀನು ಇಲ್ಲಿ ಊರೆಲ್ಲ ಸುತ್ತುಸ್ತಿದೀಯ," ಎಂದರು ನಮ್ಮವರು. ಬಾಯಲ್ಲಿ ಇನ್ನೂ ಧೂಪದ ವಾಸನೆ.

ಸೋಮವಾರ ಮನೆಯ ಕಡೆಗೆ ಹೊರಟೆವು. ಇಡೀ ದಾರಿ ತುಂತುರು ಮಳೆ. ಹಿಂದಿನ ಸೀಟಿನಲ್ಲಿ ಇಳಾಳ ಕಾರ್ ಸೀಟು, ಒಂದು ಪಕ್ಕ ಅನಘಾ, ಇನ್ನೊಂದು ಪಕ್ಕ ನಾನು. ಮಿಷಿಗನ್ ಸೇರಿದ ಮೇಲೆ ಮಗುವಿಗೆ ಹಾಲು ಕೊಡಲು ಒಂದು ಕಡೆ ನಿಲ್ಲಿಸಿದೆವು. ನಾನು ಕೈ ತೊಳೆದು ಬರುವಷ್ಟರಲ್ಲಿ, ಅನಘಾ ನನ್ನ ಕೈಚೀಲದಿಂದ ತಾಯತ ತೆಗೆದು ಅದರ ದಾರವನ್ನು ಕಾರ್ ಸೀಟಿನ ಪಟ್ಟಿಗೆ ಗಂಟು ಹಾಕುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ನಾನು ಏನೂ ಕಾಣದವಳಂತೆ ಫ್ಲಾಸ್ಕ್ ಹುಡುಕಿದೆ. ಏನಾದರೂ ಅಂದರೆ ಬಿಚ್ಚಿಬಿಡುತ್ತಾಳೆ ಎಂದು ಭಯವಾಯಿತು.

ಹಾರುಕೊಳಿಂದ ಸೋಮವಾರ ಸುದ್ದಿಯಿಲ್ಲ. ಮಂಗಳವಾರವೂ ಇಲ್ಲ. ನಾನು ಹೇಳಬಾರದಿತ್ತು, ನೊಂದುಕೊಂಡಳು ಎಂದೇ ಎಣಿಸಿದೆ.

ಬುಧವಾರ ಬೆಳಕು ಹರಿಯುವ ಮೊದಲೇ ಆಸ್ಪತ್ರೆಯಲ್ಲಿದ್ದೆವು. ಅಳಿಯ ಒಳಗೆ ಸಹಿ ಹಾಕುತ್ತಿದ್ದ. ಹಸಿದ ಮಗು ಅತ್ತು ಸುಸ್ತಾಗಿ ಅನಘಾಳ ಭುಜದ ಮೇಲೆ ಮಲಗಿತ್ತು. ಆಗ ನನ್ನ ಫೋನಿಗೆ ಒಂದು ಚಿತ್ರ ಬಂತು. ಕನ್ನಡಕ ತಂದಿರಲಿಲ್ಲ, ಅನಘಾಳ ಮುಂದೆ ಹಿಡಿದೆ. ಕತ್ತಲಾದ ಒಂದು ಗುಡಿಯ ಅಂಗಳ, ಮಳೆ, ಸಾಲು ಲಾಂದ್ರ, ಛತ್ರಿ ಹಿಡಿದ ಹಾರುಕೊ. ಕೆಳಗೆ ಬರೆದಿದ್ದನ್ನು ಅನಘಾ ಮೆಲ್ಲಗೆ ಓದಿದಳು. ಅಮ್ಮನಿಗೂ ಗೊತ್ತಿಲ್ಲವಂತೆ. ಆದ್ದರಿಂದ ರೈಲು ಹತ್ತಿ ನಾನೇ ಬಂದೆ. ತಾಯತ ತಂದದ್ದು ಇದೇ ಗುಡಿಯಿಂದ. ಇಳಾಳ ಆಪರೇಷನ್ ಮುಗಿದ ಸುದ್ದಿ ಬರುವವರೆಗೆ ಇಲ್ಲೇ ಇರುತ್ತೇನೆ.

ಓದಿ ಮುಗಿಸಿ ಅನಘಾ ಫೋನನ್ನು ನನ್ನ ಕೈಗೆ ಕೊಡದೆ ಹಾಗೇ ಹಿಡಿದುಕೊಂಡಳು.

"ನಂಗೂ ಏನೂ ಗೊತ್ತಾಗ್ತಿಲ್ಲ ಅಮ್ಮಾ," ಎಂದಳು. "ತುಂಬಾ ಭಯ ಆಗ್ತಿದೆ."

ಕನ್ನಡದಲ್ಲೇ ಹೇಳಿದಳು. ಅವಳು ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಹೀಗೆ ಮಾತಾಡುತ್ತಿದ್ದಳು. ನಾನು ಅವಳನ್ನೂ ಮಗುವನ್ನೂ ಸೇರಿಸಿ ತಬ್ಬಿಕೊಂಡೆ. "ನಂಗೂ ಭಯ ಕಣೇ," ಎಂದೆ. ಧೈರ್ಯ ಹೇಳಬೇಕಿತ್ತು, ಬಾಯಿಗೆ ಬಂದದ್ದು ಇಷ್ಟೇ.

ನರ್ಸ್ ಬಂದು ಮಗುವನ್ನು ತೊಟ್ಟಿಲಿಗೆ ಹಾಕಿಕೊಂಡಳು. ಅನಘಾ ಅಂಗೈ ಬಿಚ್ಚಿ ತಾಯತ ತೋರಿಸಿದಳು. ಒಳಗೆ ತರುವಂತಿಲ್ಲ, ಆದರೆ ಥಿಯೇಟರಿನ ಬಾಗಿಲವರೆಗೆ ಬರಬಹುದು ಎಂದಳು ನರ್ಸ್. ಯಾವ ದೇವರದ್ದು ಎಂದು ಕೇಳಲಿಲ್ಲ. ಹಳದಿ ಯಾಕೆ ಎಂದೂ ಕೇಳಲಿಲ್ಲ. ಡ್ರಾದಿಂದ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ ತೆಗೆದು, ತಾಯತವನ್ನು ಅದರೊಳಗಿಟ್ಟು, ಮೇಲೆ ಇಳಾಳ ಹೆಸರಿನ ಚೀಟಿ ಅಂಟಿಸಿ, ತೊಟ್ಟಿಲ ಕಾಲಿಗೆ ಕಟ್ಟಿದಳು. "ದಿನಾ ಯಾರಾದರೂ ಒಬ್ಬರು ತರುತ್ತಾರೆ," ಎಂದಳು. ಊರೂರು ಅಲೆದರೂ ಜಾಗ ಸಿಗದಿದ್ದದ್ದಕ್ಕೆ ಅಲ್ಲಿ ಜಾಗ ಸಿಕ್ಕಿತು.

ಮಧ್ಯಾಹ್ನ ಡಾಕ್ಟರ್ ಹೊರಗೆ ಬಂದು ತೂತು ಮುಚ್ಚಿದೆ, ಮಗು ಚೆನ್ನಾಗಿದೆ ಎಂದರು. ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. ನಾನು ಮೊದಲು ಫೋನ್ ಮಾಡಿದ್ದು ಹಾರುಕೊಗೆ. ಅಲ್ಲಿ ನಡುರಾತ್ರಿ ಕಳೆದಿತ್ತು. ಗುಡಿಯ ಬಾಗಿಲು ಹಾಕಿದ ಮೇಲೆ ಎದುರಿನ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದಳಂತೆ. ಅವಳೂ ಅತ್ತಳು, ನಾನೂ ಅತ್ತೆ. ಯಾರು ಯಾವ ಭಾಷೆಯಲ್ಲಿ ಏನು ಹೇಳಿದೆವೋ ನೆನಪಿಲ್ಲ.

ಇಳಾಳನ್ನು ಮನೆಗೆ ಕರೆತಂದ ದಿನ ನಮ್ಮ ರಸ್ತೆಯ ತಿರುವಿನಲ್ಲಿ ಹಾರುಕೊ ಇದ್ದ ಮನೆ ಕಂಡಿತು. ಈಗ ಅಲ್ಲಿ ಬೇರೆಯವರಿದ್ದಾರೆ, ಬಾಗಿಲಿಗೆ ಬೇರೆ ಬಣ್ಣ. ಮಗು ನಡೆಯಲು ಕಲಿತ ಮೇಲೆ ಜಪಾನಿಗೆ ಹೋಗಿ ತಾಯತವನ್ನು ನಾವೇ ಕೊಟ್ಟು ಬರೋಣ ಎಂದು ಅನಘಾ ಹೇಳಿದ್ದಾಳೆ. ಅಲ್ಲಿಯವರೆಗೆ ಅದು ನಮ್ಮ ದೇವರ ಮಂಟಪದಲ್ಲಿದೆ, ಆಸ್ಪತ್ರೆಯ ಪ್ಲಾಸ್ಟಿಕ್ ಚೀಲದಲ್ಲೇ, ಹೆಸರಿನ ಚೀಟಿಯ ಸಮೇತ. ಬಿಚ್ಚಬಾರದು ಎಂದು ಹಾರುಕೊ ಹೇಳಿದ್ದು ಒಳಗಿನ ಚೀಲಕ್ಕೋ ಹೊರಗಿನದಕ್ಕೂ ಸೇರಿಯೋ ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಪ್ಲಾಸ್ಟಿಕ್ಕಿನ ಮೇಲೇ ಅರಿಶಿನ ಕುಂಕುಮ ಇಡುತ್ತೇನೆ.